ಪೂಜಿತಾ ಹಾಕಿದ ಹಾರ

ಪೂಜಿತಾಳ ಬಗ್ಗೆ ಒಳ್ಳೆಯ ಮಾತಾಡುವವರು ಈಗ ಶಿವಮೊಗ್ಗದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ನಾನು ಆ ಪೈಕಿ ಅಲ್ಲ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಹೇಳಲು ಸುಲಭ.

ಗೋಪಿ ಸರ್ಕಲ್‌ನಿಂದ ಸ್ವಲ್ಪ ಮುಂದೆ ಇರುವ ಮಲ್ಲಿಕಣ್ಣನ ಫ್ಲೆಕ್ಸ್ ಅಂಗಡಿಯಲ್ಲಿ ನಾನು ಹದಿನೆಂಟು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತಿದ್ದೇನೆ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಏನೇ ಇರಲಿ, ಊರಿನ ಕಂಬಗಳ ಮೇಲೆ ನಗುವ ಮುಖಗಳಲ್ಲಿ ಅರ್ಧಕ್ಕರ್ಧ ನನ್ನ ಕೈಯಲ್ಲೇ ಬೆಳ್ಳಗಾದವು. ಯಾವ ಲೀಡರ್ ತಲೆ ಎಷ್ಟು ದೊಡ್ಡದಿರಬೇಕು, ಯಾರ ಪಕ್ಕ ಯಾರನ್ನು ನಿಲ್ಲಿಸಬಾರದು ಎಂಬುದೆಲ್ಲ ನನಗೆ ಬಾಯಿಪಾಠ. ಹೊಸದಾಗಿ ಬಂದವರಿಗೆ ಕಲಿಸುವವಳೂ ನಾನೇ.

ನಾಲ್ಕು ವರ್ಷದ ಹಿಂದೆ ಪೂಜಿತಾ ಭದ್ರಾವತಿಯ ನ್ಯೂ ಟೌನಿನಿಂದ ಬಸ್ಸು ಹತ್ತಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಅವಳ ಅಪ್ಪ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅಂಚು ಹರಿದು ಬೇಡವಾದ ಹಾಳೆಗಳನ್ನು ಮನೆಗೆ ತರುತ್ತಿದ್ದರಂತೆ. ಹುಡುಗಿ ಅದರ ಮೇಲೆ ಬರೆದದ್ದೇ ಬರೆದದ್ದು. ಬೆಕ್ಕು, ಪಕ್ಕದ ಮನೆಯ ತಮಿಳು ಅಜ್ಜಿ, ಅಪ್ಪನ ಸೈಕಲ್ಲು. ನಾನೋ ಸ್ಲೇಟಿನ ಮೇಲೆ ಬರೆದು ಎಂಜಲಲ್ಲಿ ಅಳಿಸಿ ಬೆಳೆದವಳು. ನನಗೂ ಅಷ್ಟು ಹಾಳೆ ಸಿಕ್ಕಿದ್ದರೆ ನನ್ನ ಕೈಯೂ ಹಾಗೇ ಓಡುತ್ತಿತ್ತು ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ.

ಮೊದಲ ದಿನ ಅವಳಿಗೆ ಹೇಳಿಕೊಟ್ಟದ್ದು ಹಾರದ ವಿಷಯ. ನಮ್ಮ ಕಂಪ್ಯೂಟರಿನಲ್ಲಿ ಗಂಧದ ಹಾರದ ಚಿತ್ರ ಯಾವಾಗಲೂ ಸಿದ್ಧವಾಗಿರುತ್ತದೆ. ಅದನ್ನು ಎಳೆದು ಫೋಟೋದ ಫ್ರೇಮಿನ ಮೇಲೆ ಇಟ್ಟರೆ ಮುಗಿಯಿತು, ಆ ಮನುಷ್ಯ ಹೋದ ಅಂತ ಅರ್ಥ.

“ಹಾರ ಹಾಕೋ ಮುಂಚೆ ಎರಡು ಸಲ ಕೇಳು ಮಾರಾಯ್ತಿ,” ಎಂದಿದ್ದೆ. “ಬೇರೆ ಯಾವ ತಪ್ಪಾದ್ರೂ ಮಾಫಿ ಇದೆ, ಇದಕ್ಕಿಲ್ಲ.”

“ಆಯ್ತು ಶಾಂಭವಕ್ಕ,” ಎಂದು ತಲೆಯಾಡಿಸಿದಳು. ಎರಡು ವರ್ಷ ಎಲ್ಲ ಸರಿಯಾಗಿಯೇ ಇತ್ತು. ನಾನು ತಂದ ಚಪಾತಿ ಅವಳು ತಿನ್ನುತ್ತಿದ್ದಳು, ಅವಳ ಡಬ್ಬಿಯ ಚಿತ್ರಾನ್ನ ನಾನು ತಿನ್ನುತ್ತಿದ್ದೆ.

ಆಮೇಲೆ ಹೊಳಲೂರಿನಿಂದ ಒಬ್ಬರು ಮಗುವಿನ ಮೊದಲ ಹುಟ್ಟುಹಬ್ಬದ ಫ್ಲೆಕ್ಸಿಗೆ ಬಂದರು. ಅವರು ತಂದ ಫೋಟೋ ಮಸುಕಾಗಿತ್ತು. ಬೇರೆ ತನ್ನಿ ಎಂದು ನಾನು ವಾಪಸ್ ಕಳಿಸುವವಳಿದ್ದೆ, ಅಷ್ಟರಲ್ಲಿ ಪೂಜಿತಾ ತನ್ನ ಫೋನಿನಲ್ಲಿ ಬೆರಳಿನಿಂದಲೇ ಆ ಕೂಸನ್ನು ಬರೆದಳು. ತಾತನ ರುಮಾಲು ಸುತ್ತಿಕೊಂಡು, ಟ್ರ್ಯಾಕ್ಟರ್ ಸೀಟಿನ ಮೇಲೆ ಯಜಮಾನನ ಥರ ಕೂತ ಕೂಸು. ಆ ಮನುಷ್ಯ ನೋಡಿ ನೋಡಿ ನಕ್ಕು, “ಇದನ್ನ ಯಾರು ಬರ್ದಿದ್ದು?” ಎಂದು ಕೇಳಿದ. ಅಷ್ಟು ವರ್ಷದಲ್ಲಿ ನನ್ನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಆವತ್ತು ಅವಳ ಚಿತ್ರಾನ್ನ ನನಗೆ ಬೇಡವಾಯಿತು.

ಕಳೆದ ದೀಪಾವಳಿ ಮುಗಿದ ಮೇಲೆ ಅವಳು ಕೆಲಸ ಬಿಟ್ಟಳು. ಮನೆಯಲ್ಲೇ ಕೂತು ಚಿತ್ರ ಬರೆದುಕೊಡುತ್ತಾಳಂತೆ, ಮದುವೆಗೆ ಗೊಂಬೆಯಾಟದ ಹಾಗೆ ಓಡಾಡುವ ಕರೆಯೋಲೆ ವಿಡಿಯೋ ಮಾಡುತ್ತಾಳಂತೆ. ಅವಳ ಅಮ್ಮ ವಸಂತಮ್ಮ ಯುಗಾದಿವರೆಗೆ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ಕೆಲಸ ಕುದುರದಿದ್ದರೆ ಸುಮ್ಮನೆ ಅಂಗಡಿಗೆ ವಾಪಸ್. ಮಲ್ಲಿಕಣ್ಣನೂ, “ಯುಗಾದಿವರೆಗೂ ನಿನ್ನ ಕುರ್ಚಿ ಖಾಲಿ ಇಡ್ತೀನಿ, ಹೋಗ್ಬಾ,” ಎಂದ. ನನಗೆ ಒಂದು ಹೊಸ ಮೌಸ್ ಕೊಡಿಸಲು ಆರು ತಿಂಗಳು ತೆಗೆದುಕೊಂಡ ಮಲ್ಲಿಕಣ್ಣ!

ಆ ಖಾಲಿ ಕುರ್ಚಿಯನ್ನು ದಿನಾ ನಾನೇ ಒರೆಸುತ್ತಿದ್ದೆ. ಅವಳು ಮುಖ ಸಣ್ಣದು ಮಾಡಿಕೊಂಡು ಬಂದು ಅದರಲ್ಲಿ ಕೂರುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ನನಗೆ. ಅವಳು ವಾಟ್ಸ್ಆ್ಯಪ್‌ನಲ್ಲಿ ಹಾಕುವ ಸ್ಟೇಟಸ್ಸನ್ನು ನನ್ನ ಫೋನಿನಲ್ಲಿ ನೋಡುತ್ತಿರಲಿಲ್ಲ. ನೋಡಿದರೆ ನನ್ನ ಹೆಸರು ಅವಳಿಗೆ ಕಾಣುತ್ತದಲ್ಲ. ಹಿಂದೆಂದೋ ತುರ್ತಿಗೆಂದು ಗಂಡನ ನಂಬರನ್ನು ಅವಳಿಗೆ ಕೊಟ್ಟಿದ್ದೆ. ಅವರ ಫೋನಿನಲ್ಲಿ ಅವಳ ನಂಬರ್ ಸೇವ್ ಮಾಡಿ, ಅವರು ಸ್ನಾನಕ್ಕೆ ಹೋದಾಗ ನೋಡುತ್ತಿದ್ದೆ. ನೋಡುವವಳು ನಾನೆಂದು ಅವಳಿಗೆ ಗೊತ್ತಿಲ್ಲ. ಬರೆದ ಪ್ರತಿ ಚಿತ್ರವನ್ನೂ ಗಿರಾಕಿಗೆ ಕಳಿಸುವ ಮೊದಲು ನನಗೆ ಕಳಿಸುವಳು. “ಅಕ್ಕ, ನೋಡಿ ಹೇಳಿ.” ನಾನು ಬಣ್ಣ ಜಾಸ್ತಿಯಾಯಿತು, ಮೂಗು ಸಣ್ಣದಾಯಿತು ಎಂದು ಏನಾದರೊಂದು ಕೊಂಕು ತೆಗೆಯುತ್ತಿದ್ದೆ. ಅವಳು ತಿದ್ದುತ್ತಿದ್ದಳು. ತಿದ್ದಿದ ಮೇಲೆ ಚಿತ್ರ ಇನ್ನೂ ಚೆನ್ನಾಗಿ ಕಾಣುತ್ತಿತ್ತು, ಅದಕ್ಕೂ ನನ್ನ ಹೊಟ್ಟೆ ಉರಿಯುತ್ತಿತ್ತು.

ಯುಗಾದಿಗೆ ಇನ್ನೊಂದು ತಿಂಗಳಿರುವಾಗ ಅಡಿಕೆ ಮಂಡಿಯ ಶಿವಕುಮಾರ್ ಅವರ ಮಗನ ಮದುವೆಯ ವಿಡಿಯೋ ಅವಳಿಗೆ ಸಿಕ್ಕಿತು. ನಂಬರ್ ಕೊಟ್ಟವನು ಮಲ್ಲಿಕಣ್ಣ. ಆ ಮನೆಯವರು ಒಪ್ಪಿದರೆ ಕುಂಸಿಯಿಂದ ಭದ್ರಾವತಿವರೆಗೆ ಅವರ ನೆಂಟರ ಮನೆಯ ಮದುವೆಗಳೆಲ್ಲ ಅವಳ ಕೈಗೇ ಬರುತ್ತವೆ. ಒಪ್ಪದಿದ್ದರೆ ಅದೇ ನೆಂಟರ ಬಾಯಲ್ಲಿ ಅವಳ ಹೆಸರು ಕೆಡುತ್ತದೆ, ಅಮ್ಮನ ಗಡುವೂ ಮುಗಿಯುತ್ತದೆ.

ಒಂದು ಬೆಳಿಗ್ಗೆ ವಿಡಿಯೋ ನನಗೆ ಬಂತು. ಮದುಮಗ ಮನೆಯ ಮೆಟ್ಟಿಲಿಳಿದು ಬರುತ್ತಾನೆ, ನಾಯಿ ಅವನ ಪಂಚೆಯ ತುದಿ ಎಳೆಯುತ್ತದೆ. ಹಿಂದಿನ ಗೋಡೆಯ ಮೇಲೆ ಒಂದು ಫೋಟೋ. ಅದರಲ್ಲಿ ಮದುಮಗನ ತೀರಿಕೊಂಡ ತಾತ ಓಂಕಾರಪ್ಪನವರು, ಪಕ್ಕದಲ್ಲಿ ಅವರ ಹೆಂಡತಿ ಸುಭದ್ರಮ್ಮ. ಇಬ್ಬರಿಗೂ ಸೇರಿಸಿ ಒಂದೇ ಗಂಧದ ಹಾರ. ಕೊನೆಯಲ್ಲಿ ಮದುವೆಯ ತಾರೀಕು, ಛತ್ರದ ಹೆಸರು ಅಷ್ಟೇ.

ಕೆಳಗೆ ಅವಳು ಬರೆದಿದ್ದಳು: “ಅಕ್ಕ, ತಾತನ ಫೋಟೋಗೆ ಹಾರ ಹಾಕಿ ಅಂದ್ರು. ಇಬ್ಬರೂ ಇರೋ ಫೋಟೋ ಕಳಿಸಿದ್ರು. ನಿಮ್ಮ ತಾಯಿ ಇದಾರಾ ಅಂತ ಮದುವೆ ಮನೆಯೋರನ್ನ ಹೆಂಗೆ ಕೇಳೋದು? ಅಪಶಕುನ ಅಂದ್ಕೊಳ್ತಾರೆ. ತಾತನ ಬ್ಯಾನರ್ ಮಾಡಿದ್ದು ನೀವೇ ಅಲ್ವಾ. ಹಾರ ಸರಿ ಇದ್ಯಾ ನೋಡಿ. ನೀವು ಸರಿ ಅಂದ್ರೆ ಕಳಿಸ್ತೀನಿ.”

ನನಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಗಂಡನ ಶ್ರದ್ಧಾಂಜಲಿ ಬ್ಯಾನರಿಗೆ ಸುಭದ್ರಮ್ಮನವರೇ ಬಂದು ನನ್ನ ಎದುರಿಗೆ ಕೂತು ಫೋಟೋ ಆರಿಸಿದ್ದರು. ಆವತ್ತು ಪೂಜಿತಾ ರಜೆ. ಮೊನ್ನೆ ಮೊನ್ನೆ ತರಕಾರಿ ಮಾರ್ಕೆಟ್ಟಿನಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುತ್ತಿದ್ದುದನ್ನೂ ನೋಡಿದ್ದೆ. ‘ಅಜ್ಜಿ ಇದ್ದಾರೆ, ಹಾರ ತೆಗಿ’ ಎಂದು ಟೈಪ್ ಮಾಡಿದೆ. ಮಾಡಿ, ಖಾಲಿ ಕುರ್ಚಿಯ ಕಡೆ ನೋಡಿದೆ. ಆಮೇಲೆ ಅದನ್ನು ಅಳಿಸಿ, ಮೇಲೆತ್ತಿದ ಹೆಬ್ಬೆರಳಿನ ಚಿತ್ರ ಒಂದನ್ನು ಕಳಿಸಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಶಿವಕುಮಾರ್ ಮಂಡಿಯ ಗಡಿಬಿಡಿಯಲ್ಲಿ ಮಗನ ಮುಖವನ್ನಷ್ಟೇ ನೋಡಿ ನೆಂಟರ ಗ್ರೂಪಿಗೆ ವಿಡಿಯೋ ದಾಟಿಸಿಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಕುಂಸಿಯಿಂದ ಫೋನು, “ಅತ್ತೆ ಯಾವಾಗ ಹೋದ್ರು? ನಮಗ್ಯಾಕೆ ಹೇಳ್ಲಿಲ್ಲ?” ಆ ಫೋನು ಎತ್ತಿದ್ದು ಸುಭದ್ರಮ್ಮನವರೇ.

ಮೂರು ಗಂಟೆಗೆ ತಾಯಿ ಮಗ ಇಬ್ಬರೂ ಕಾರಿನಲ್ಲಿ ನಮ್ಮ ಅಂಗಡಿಗೆ ಬಂದರು. ಮಲ್ಲಿಕಣ್ಣ ಬೆವರು ಒರೆಸಿಕೊಳ್ಳುತ್ತ ಪೂಜಿತಾಳಿಗೆ ಫೋನು ಮಾಡಿದ. ಅವಳು ಸಿಕ್ಕ ಬಸ್ಸು ಹತ್ತಿ ಒಂದು ಗಂಟೆಯಲ್ಲಿ ಬಂದು ಬಾಗಿಲಲ್ಲಿ ನಿಂತಳು. ಮುಖ ಸಣ್ಣದಾಗಿತ್ತು. ನಾನು ನೋಡಬೇಕೆಂದುಕೊಂಡ ಮುಖ ಅದೇ. ಆದರೆ ನೋಡಲು ಆಗಲಿಲ್ಲ, ಕೀಬೋರ್ಡು ನೋಡುತ್ತ ಕೂತೆ.

“ಮದುವೆ ಮನೆ ಕಣಮ್ಮ ಇದು!” ಶಿವಕುಮಾರ್ ಕೂಗಿದರು. “ಬದುಕಿರೋರಿಗೆ ಹಾರ ಹಾಕಿದೀಯಲ್ಲ! ಗೊತ್ತಿಲ್ದಿದ್ರೆ ಯಾರನ್ನಾದ್ರೂ ಒಂದು ಮಾತು ಕೇಳ್ಬಾರ್ದಿತ್ತಾ?”

ಪೂಜಿತಾ ನನ್ನನ್ನು ನೋಡಿದಳು. ಒಂದೇ ಸಲ.

“ಯಾರನ್ನೂ ಕೇಳ್ಲಿಲ್ಲ ಸರ್,” ಎಂದಳು. “ತಪ್ಪು ನಂದೇ.”

ಸುಭದ್ರಮ್ಮ ಮಗನ ಫೋನು ಇಸಿದುಕೊಂಡು ವಿಡಿಯೋ ಮತ್ತೊಮ್ಮೆ ಹಾಕಿಸಿಕೊಂಡರು. “ಕೂಗ್ಬೇಡ ಶಿವು. ಸತ್ತ ಸುದ್ದಿ ಹಬ್ಬಿದ್ರೆ ಆಯಸ್ಸು ಜಾಸ್ತಿಯಂತೆ,” ಎಂದರು. “ಇಲ್ನೋಡು, ನಿಮ್ಮಪ್ಪಂಗೆ ಕಿವಿ ಮೇಲೆ ಕೂದಲಿತ್ತು, ಅದನ್ನೂ ಬರ್ದಿದಾಳೆ. ಆವತ್ತು ಇದೇ ಅಂಗಡೀಲಿ ಬ್ಯಾನರ್ ಮಾಡ್ಸಿದ್ವಲ್ಲ, ಅದ್ರಲ್ಲಿ ಬೆಳ್ಳಗೆ ಸುಣ್ಣ ಬಳಿದಂಗೆ ಮಾಡಿಟ್ಟಿದ್ರು. ನಂಗೇ ಗುರುತು ಸಿಗ್ಲಿಲ್ಲ. ಯಾರ ಹತ್ರಾನೂ ಹೇಳಿರ್ಲಿಲ್ಲ ನಾನು.” ಆಮೇಲೆ ಪೂಜಿತಾಳ ಕಡೆ ತಿರುಗಿ, “ನನ್ನ ಪಾಲಿನ ಹಾರ ತೆಗ್ದುಕೊಡವ್ವ. ಅದು ಬರೋ ಹೊತ್ತಿಗೆ ಬರುತ್ತೆ,” ಎಂದರು.

ಪೂಜಿತಾ ನನ್ನ ಪಕ್ಕದ ಆ ಕುರ್ಚಿಯಲ್ಲೇ ಕೂತು, ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು, ಒಂದು ಫೋಟೋವನ್ನು ಎರಡು ಮಾಡಿದಳು. ತಾತನಿಗೆ ಹಾರ ಉಳಿಯಿತು. ಅಜ್ಜಿಯನ್ನು ಗೋಡೆಯಿಂದ ಇಳಿಸಿ ಬಾಗಿಲ ಬಳಿ ಆರತಿ ತಟ್ಟೆ ಹಿಡಿಸಿ ನಿಲ್ಲಿಸಿದಳು. ಗಂಟೆ ಹೊತ್ತು ಅವಳ ಮೊಣಕೈ ನನ್ನ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು. ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು.

ಯುಗಾದಿಯ ಮರುದಿನ ಮಲ್ಲಿಕಣ್ಣ ಆ ಕುರ್ಚಿಗೆ ಬೇರೆ ಹುಡುಗಿಯನ್ನು ತಂದು ಕೂರಿಸಿದ. ಹಾರದ ಪಾಠವನ್ನು ಅವಳಿಗೂ ನಾನೇ ಹೇಳಿಕೊಟ್ಟೆ. ಪೂಜಿತಾಳಿಗೆ ಈಗ ಕುಂಸಿಯಿಂದಲೂ ಕೆಲಸ ಬರುತ್ತದೆ, ಮಕ್ಕಳ ಪುಸ್ತಕವೊಂದಕ್ಕೂ ಚಿತ್ರ ಬರೆಯುತ್ತಿದ್ದಾಳಂತೆ. ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ‘ಅಕ್ಕ, ನೋಡಿ ಹೇಳಿ’ ಎಂಬ ಮೆಸೇಜು ಆಮೇಲೆ ಬರಲೇ ಇಲ್ಲ. ಮೊದಲೆಲ್ಲ ಅವಳ ಚಿತ್ರ ಯಾರಿಗಿಂತಲೂ ಮುಂಚೆ ನನಗೆ ಬರುತ್ತಿತ್ತು. ಈಗ ಊರೆಲ್ಲ ನೋಡಿದ ಮೇಲೆ ನಾನು ನೋಡುತ್ತೇನೆ, ಅದೂ ಗಂಡ ಸ್ನಾನಕ್ಕೆ ಹೋದಾಗ.