ಚಾಪೆಲ್ಲಿನಲ್ಲಿ ನಾನು ಹೇಳಿದ ಸಾಕ್ಷಿ

ಚಾಮರಾಜನಗರ ಇನ್ನೂ ಜಿಲ್ಲೆಯಾಗಿರದ ಕಾಲ ಅದು. ಊರ ಹೊರಗೆ, ಹರದನಹಳ್ಳಿ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಸೆಮಿನರಿ ಇತ್ತು. 'ನಮ್ಮ' ಅನ್ನುವುದು ರೂಢಿಯ ಮಾತು, ಓದುತ್ತಿದ್ದವರು ಅಪ್ಪ. ಉಮ್ಮತ್ತೂರಿನ ಹೊಲಗಳಲ್ಲಿ ಕೂಲಿ ಮಾಡಿಕೊಂಡಿದ್ದ ಅಪ್ಪ, ಮೂವತ್ತು ದಾಟಿದ ಮೇಲೆ, ಬ್ಯಾಪ್ಟಿಸ್ಟ್ ಸಭೆಯ ಬೋಧಕರಾಗಬೇಕೆಂದು ಮೂರು ವರ್ಷದ ಓದಿಗೆ ಬಂದಿದ್ದರು. ಹೆಂಡತಿ ಮಕ್ಕಳಿದ್ದ ವಿದ್ಯಾರ್ಥಿಗಳಿಗೆ ಹಿಂದುಗಡೆ ಒಂದು ಸಾಲು ಹೆಂಚಿನ ಮನೆಗಳಿದ್ದವು. ಕೊನೆಯದು ನಮ್ಮದು.

ಬೆಳಿಗ್ಗೆ ಏಳೂವರೆಗೆ ಚಾಪೆಲ್ ಗಂಟೆ. ಗಂಟೆ ಎಂದರೆ ಹುಣಸೆಮರಕ್ಕೆ ನೇತುಹಾಕಿದ್ದ ರೈಲು ಕಂಬಿಯ ತುಂಡು. ಒಳಗೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಚಾಪೆಯ ಮೇಲೆ. ಹೆಂಚಿನ ಸಂದಿಯ ಬಾವಲಿಗಳ ವಾಸನೆ, ಹೆಂಗಸರ ತಲೆಯ ಕೊಬ್ಬರಿ ಎಣ್ಣೆ, ಹಾಸ್ಟೆಲ್ ಅಡುಗೆಮನೆಯ ಉಪ್ಪಿಟ್ಟಿನ ಒಗ್ಗರಣೆ ಎಲ್ಲ ಸೇರಿ ನನಗೆ ಇವತ್ತಿಗೂ ಪ್ರಾರ್ಥನೆ ಎಂದರೆ ಅದೇ ವಾಸನೆ. ದಿನಕ್ಕೊಬ್ಬ ವಿದ್ಯಾರ್ಥಿ ಇಪ್ಪತ್ತು ನಿಮಿಷ ಪ್ರಸಂಗ, ಅಂದರೆ ಬೈಬಲಿನ ಮೇಲೆ ಉಪದೇಶ, ಮಾಡಬೇಕು. ಮಧ್ಯಾಹ್ನ ಕ್ಲಾಸಿನಲ್ಲಿ ಮೇಷ್ಟರೂ ಜೊತೆಯವರೂ ಸೇರಿ ಅದನ್ನು ಎಳೆಎಳೆಯಾಗಿ ಬಿಡಿಸಿ ಹಾಕುವರು. ಕೈ ಯಾಕೆ ಜೇಬಿನಲ್ಲಿತ್ತು, ಮೂರನೆಯ ಅಂಶ ಎಲ್ಲಿ ಹೋಯಿತು ಎಂದೆಲ್ಲ ವಿಚಾರಣೆ. ಅಪ್ಪ ತಮ್ಮ ಸರದಿಗೆ ವಾರ ಮೊದಲೇ ಹಿತ್ತಲಿನ ನುಗ್ಗೆಮರದ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದರು.

"ನುಗ್ಗೆಮರ ಆಗ್ಲೇ ರಕ್ಷಣೆ ಹೊಂದ್ಬುಡ್ತು. ಇನ್ನು ಬಂದು ಉಣ್ಣಿ," ಎಂದು ಅವ್ವ ರೇಗಿಸುವಳು. ಅಪ್ಪ ನಗುತ್ತಲೇ ಇನ್ನೊಂದು ಸಲ ಶುರುಮಾಡುವರು.

ನಾವು ಮಕ್ಕಳು ಆಡುತ್ತಿದ್ದುದೂ ಪ್ರಸಂಗದಾಟವೇ. ಹುಣಸೆಮರದ ಬೇರಿನ ಮೇಲೆ ನಿಂತು ನಾನು ಕೂಗುವುದು, ಉಳಿದವರು 'ಸ್ತೋತ್ರ' ಅನ್ನುವುದು. ಒಂದು ಸಲ ಪ್ರಿನ್ಸಿಪಾಲರ ಮನೆಯ ಹೇಂಟೆಯನ್ನು ಹಿಡಿದು ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಟ್ಟೆ. ಅದು ಮೂರು ದಿನ ಮೊಟ್ಟೆ ಇಡಲಿಲ್ಲ ಎಂದು ಅವರ ಮನೆಯ ಅಮ್ಮನವರು ನನ್ನ ಕಿವಿ ಹಿಂಡಿದರು. ಯಾವ ಮಾತಿಗೆ ಜನ ಜೋರಾಗಿ 'ಸ್ತೋತ್ರ' ಅನ್ನುತ್ತಾರೆ ಎಂಬುದು ಹನ್ನೆರಡು ತುಂಬುವ ಹೊತ್ತಿಗೆ ನನಗೆ ಚೆನ್ನಾಗಿ ಗೊತ್ತಾಗಿತ್ತು. ಅಲ್ಲೇ ನಾನು ಕೆಟ್ಟದ್ದು.

ನಮ್ಮಲ್ಲಿ ಹಸುಗೂಸಿಗೆ ದೀಕ್ಷಾಸ್ನಾನವಿಲ್ಲ. ಬುದ್ಧಿ ಬಂದ ಮೇಲೆ ತಾನೇ ಸಭೆಯ ಮುಂದೆ ನಿಂತು, ಮೊದಲು ಹೇಗಿದ್ದೆ, ದೇವರು ಹೇಗೆ ಮುಟ್ಟಿದ, ಈಗ ಹೇಗಾದೆ ಎಂದು ಹೇಳಬೇಕು. ಅದಕ್ಕೇ ಸಾಕ್ಷಿ ಅನ್ನುತ್ತಾರೆ. ಸಭೆ ಒಪ್ಪಿದರೆ ಚಾಪೆಲ್ ಹಿಂದಿನ ಸಿಮೆಂಟ್ ತೊಟ್ಟಿಯಲ್ಲಿ ಮುಳುಗಿಸಿ ಎಬ್ಬಿಸುತ್ತಾರೆ. ಚಂದಕವಾಡಿಯಿಂದ ಬಂದಿದ್ದ ಒಬ್ಬ ಬ್ರದರ್ ಕುಡಿತ ಬಿಟ್ಟ ಸಾಕ್ಷಿ ಹೇಳಿದರೆ ಹೆಂಚು ಹಾರಿಹೋಗುವಷ್ಟು ಸ್ತೋತ್ರ. ವರ್ಷದಿಂದ ವರ್ಷಕ್ಕೆ ಅವರು ಕುಡಿದ ಬಾಟಲಿಗಳೂ ಏರುತ್ತಿದ್ದವು. ಅಪ್ಪನ ಸಾಕ್ಷಿ ಮಾತ್ರ ಸಪ್ಪೆ. 'ಬದುಕಿನಲ್ಲಿ ಸಮಾಧಾನ ಇರಲಿಲ್ಲ, ಸಿಕ್ಕಿತು,' ಎಂದು ಕೂತುಬಿಡುವರು. ನನಗೆ ನಾಚಿಕೆಯಾಗುತ್ತಿತ್ತು.

ಅಪ್ಪನಿಗೆ ಒಂದು ಅಭ್ಯಾಸವಿತ್ತು. ಮುದ್ದೆ ಮುರಿಯುವ ಮೊದಲು ಅದರ ಮೇಲೆ ಎರಡು ಸಲ ಊದುವರು. ಮುದ್ದೆ ತಣ್ಣಗಿದ್ದರೂ ಊದುವರು. ಒಂದು ದಿನ ಯಾಕೆ ಎಂದು ಕೇಳಿದೆ.

"ನಮ್ಮಪ್ಪ ಹೆಂಡ ಕುಡ್ಕಂಡು ಬಂದು ಉಣ್ಣೋ ತಣಿಗೆನ ಒದ್ಬುಡೋನು ಕಣಮ್ಮಿ. ಮುದ್ದೆ ಹೋಗಿ ಒಲೆ ಬೂದಿಗೆ ಬೀಳೋದು. ನಮ್ಮವ್ವ ಅದನ್ನ ಊದಿ ಊದಿ ನಂಗೆ ತಿನ್ಸೋಳು. ಅವತ್ತೇ ಅನ್ಕಂಡೆ, ಜಲ್ಮದಲ್ಲಿ ಅದ ಮುಟ್ಟಕಿಲ್ಲ ಅಂತ." ಮುದ್ದೆ ಮುರಿದುಕೊಂಡು, "ಯಾರ ತಾವೂ ಹೇಳ್ಬ್ಯಾಡ. ಸತ್ತೋರ ಮಾತು," ಅಂದರು.

ಅಪ್ಪನ ಓದು ಮುಗಿಯುತ್ತಿದ್ದ ಬೇಸಿಗೆ. ಗುಂಡ್ಲುಪೇಟೆಯ ಒಂದು ಚಿಕ್ಕ ಸಭೆಗೆ ಬೋಧಕರು ಬೇಕಾಗಿದ್ದರು. ಅಲ್ಲಿಯ ಹಿರಿಯರು ದಾನಪ್ಪನವರೂ ಇನ್ನಿಬ್ಬರೂ ಒಂದು ಭಾನುವಾರ ಅಪ್ಪನ ಪ್ರಸಂಗ ಕೇಳಲು ಬಂದರು. ಅಪ್ಪ ಆಯ್ಕೆಯಾಗದಿದ್ದರೆ ನಾವು ಮತ್ತೆ ಉಮ್ಮತ್ತೂರಿಗೆ, ಅಪ್ಪ ಮತ್ತೆ ಕೂಲಿಗೆ. ಅವತ್ತೇ ನನ್ನ ಸಾಕ್ಷಿ, ಸಂಜೆ ನಾಲ್ಕಕ್ಕೆ ದೀಕ್ಷಾಸ್ನಾನ. ಕಾರ್ಯಕ್ರಮದಲ್ಲಿ ಮೊದಲು ನಾನು, ಆಮೇಲೆ ಅಪ್ಪ.

ನನಗೆ ಪ್ರಿನ್ಸಿಪಾಲರ ಮನೆಯ ಅಮ್ಮನವರೇ ಸಾಕ್ಷಿ ಬರೆಸಿದ್ದರು: ಹಟ ಮಾಡುತ್ತಿದ್ದೆ, ಅವ್ವನಿಗೆ ಎದುರು ಮಾತಾಡುತ್ತಿದ್ದೆ, ಈಗ ಬಿಟ್ಟಿದ್ದೇನೆ. ಅಷ್ಟೇ ಹೇಳಬೇಕಿತ್ತು. ಎರಡು ವಾಕ್ಯ ಹೇಳುವಷ್ಟರಲ್ಲಿ ದಾನಪ್ಪನವರು ಆಕಳಿಸಿದ್ದು ಕಂಡಿತು. ನನ್ನ ಬಾಯಿ ತಾನಾಗಿ ಬೇರೆ ದಾರಿ ಹಿಡಿಯಿತು.

"ನಮ್ಮಪ್ಪ ಮೊದಲು ದಿನಾ ಕುಡಿದು ಬರುತ್ತಿದ್ದರು," ಅಂದೆ. ಚಾಪೆಲ್ ಸ್ತಬ್ಧವಾಯಿತು. ಆ ನಿಶ್ಶಬ್ದದ ರುಚಿ ಸಿಕ್ಕಿದ ಮೇಲೆ ನಿಲ್ಲಲಾಗಲಿಲ್ಲ. ಅವ್ವನನ್ನು ಹೊಡೆಯುತ್ತಿದ್ದರು ಅಂದೆ. ತಣಿಗೆ ಒದೆಯುತ್ತಿದ್ದರು, ಮುದ್ದೆ ಬೂದಿಗೆ ಬೀಳುತ್ತಿತ್ತು, ಅವ್ವ ಊದಿ ಊದಿ ನನಗೆ ತಿನ್ನಿಸುತ್ತಿದ್ದಳು ಅಂದೆ. ನಾನು ಮೊಣಕಾಲೂರಿ ಪ್ರಾರ್ಥಿಸಿದೆ, ದೇವರು ಅಪ್ಪನನ್ನು ಬಿಡಿಸಿದ ಅಂದೆ. ಕಣ್ಣಲ್ಲಿ ನೀರೂ ಬಂತು, ಅದು ಬೇರೆ. ಸ್ತೋತ್ರ, ಹಲ್ಲೆಲೂಯ, ಚಪ್ಪಾಳೆ. ದಾನಪ್ಪನವರು ಕರ್ಚೀಫಿನಲ್ಲಿ ಕಣ್ಣೊರೆಸಿಕೊಂಡರು. ನಾನು ಇಳಿದು ಬರುವಾಗ ಅವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಪಕ್ಕದವರು ಅವಳ ಬೆನ್ನು ಸವರುತ್ತಿದ್ದರು.

ಅಪ್ಪನಿಗೆ ಸಹಾಯವಾಗಲಿ ಎಂದು ಹಾಗೆ ಹೇಳಿದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ನನಗೆ ಬೇಕಾಗಿದ್ದುದು ಆ ಚಪ್ಪಾಳೆ.

ಅಪ್ಪ ಎದ್ದು ಪೀಠದ ಹಿಂದೆ ನಿಂತರು. ಲೋಟದ ನೀರು ಕುಡಿದರು. 'ನನ್ನ ಮಗಳು ಸುಳ್ಳಿ' ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು.

"ನನ್ನ ಮಗಳು ಹೇಳಿದ ಮನೆ ನನಗೆ ಗೊತ್ತು," ಅಂದರು. "ಬೂದಿಗೆ ಬಿದ್ದ ಆ ಮುದ್ದೆಯ ರುಚಿಯೂ ಗೊತ್ತು."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆಮೇಲೆ ಬೀಜ ಬಿತ್ತುವವನ ಕತೆಯ ಮೇಲೆ ಸಿದ್ಧ ಮಾಡಿಕೊಂಡಿದ್ದ ಪ್ರಸಂಗವನ್ನು ಹೇಳಿದರು. ನುಗ್ಗೆಮರದ ಮುಂದೆ ಅಷ್ಟು ಸಲ ಹೇಳಿದ್ದ ಮೂರನೆಯ ಅಂಶ ಅವರಿಗೆ ಮರೆತುಹೋಯಿತು. ಅದನ್ನು ಯಾರೂ ಕೇಳಲಿಲ್ಲ. ಹೊರಗೆ ಬನ್ನು ತಿಂದು ಟೀ ಕುಡಿಯುವಾಗ ದಾನಪ್ಪನವರು ಅಪ್ಪನ ಎರಡೂ ಕೈ ಹಿಡಿದುಕೊಂಡರು.

"ನಮ್ಮೂರಲ್ಲಿ ಕುಡ್ಯೋರೇ ಜಾಸ್ತಿ ಅಯ್ಯನೋರೆ. ಕುಡ್ದು ಬುಟ್ಟೋರ ಮಾತೇ ನಾಟೋದು. ನೀವೇ ಬಂದ್ಬುಡಿ."

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅವ್ವ ನನ್ನ ರಟ್ಟೆ ಹಿಡಿದಳು. "ನಿಮ್ಮಪ್ಪ ಯಾವತ್ತಾರ ನನ್ ಮೇಲೆ ಕೈ ಎತ್ತವ್ರಾ? ಯೋಳು. ದೇವ್ರಂಥ ಮನ್ಸನ ಮಾನ ಕಳುದ್ಬುಟ್ಯಲ್ಲಮ್ಮಿ. ಮಾತಾಡುದ್ರೆ ಹೋಯ್ತು, ಮುತ್ತು ಒಡುದ್ರೆ ಹೋಯ್ತು. ನಡಿ, ಈಗ್ಲೇ ಪ್ರಿನ್ಸಿಪಾಲಯ್ಯನೋರ್ತಾವ್ಕೆ ಹೋಗನ."

"ಎಳ್ಕಂಡೋಗಿ ಹೇಳ್ಸುದ್ರೆ ಅದೇನು ಸಾಕ್ಷಿನಾ?" ಅಂದರು ಅಪ್ಪ. "ಬುಡು. ಅವಳು ಹೇಳಿದ್ದ ಅವಳೇ ಹೋಗಿ ತಿದ್ಲಿ. ನಾನು ಕಾಯ್ತೀನಿ."

"ಅಲ್ಲೀಗಂಟ ನೀವು ಕುಡುಕ ಅನ್ಸ್ಕಂಡಿರ್ತೀರಾ?"

"ಇರ್ತೀನಿ. ಆ ಊರು ಕೈ ತಪ್ಪೋದ್ರೂ ಪರವಾಗಿಲ್ಲ, ಅವಳೇ ಹೇಳ್ಲಿ."

ನನಗೆ ಒಂದು ಪೆಟ್ಟು ಬಿದ್ದಿದ್ದರೆ ಚೆನ್ನಾಗಿರುತ್ತಿತ್ತು. ಮಧ್ಯಾಹ್ನದಿಂದ ನಾಲ್ಕು ಗಂಟೆಯವರೆಗೆ ಹೊಸಿಲ ಮೇಲೆ ಕೂತಿದ್ದೆ. ಪ್ರಿನ್ಸಿಪಾಲರ ಮನೆ ಎದುರಿಗೇ ಕಾಣುತ್ತಿತ್ತು, ಮೂವತ್ತು ಹೆಜ್ಜೆಯೂ ಇಲ್ಲ. ಹೇಳಿದರೆ ಗುಂಡ್ಲುಪೇಟೆ ಕೈ ತಪ್ಪುತ್ತದೆ ಎಂದು ನೆವ ಮಾಡಿಕೊಂಡೆ. ನಿಜವೆಂದರೆ, ಅಷ್ಟು ಜನ ಅತ್ತು ಹೊಗಳಿದ ಮೇಲೆ ಸುಳ್ಳಿ ಅನ್ನಿಸಿಕೊಳ್ಳಲು ನನಗೆ ಧೈರ್ಯವಿರಲಿಲ್ಲ.

ನಾಲ್ಕಕ್ಕೆ ಬಿಳಿ ಸೀರೆ ಸುತ್ತಿಸಿಕೊಂಡು ತೊಟ್ಟಿಗೆ ಇಳಿದೆ. ಎದೆಮಟ್ಟ ನೀರು. ಮುಳುಗಿಸುವ ಮೊದಲು ಒಂದು ಪ್ರಶ್ನೆ ಕೇಳುವ ಪದ್ಧತಿ ನಮ್ಮಲ್ಲಿತ್ತು. ಪ್ರಿನ್ಸಿಪಾಲರು ನನ್ನ ತಲೆಯ ಹಿಂದೆ ಕೈ ಕೊಟ್ಟು ಕೇಳಿದರು: "ರೂತ್, ಬೆಳಿಗ್ಗೆ ನೀನು ಹೇಳಿದ ಸಾಕ್ಷಿ ಸತ್ಯವೇನಮ್ಮ?"

ಅಪ್ಪ ತೊಟ್ಟಿಯ ಅಂಚಿನಲ್ಲಿ ಟವಲ್ ಹಿಡಿದು ನಿಂತಿದ್ದರು. ಅವರ ಮುಖ ನೋಡಿದೆ. ಅಲ್ಲಿ ಸಿಟ್ಟಿದ್ದಿದ್ದರೆ ನಿಜ ಹೇಳುತ್ತಿದ್ದೆನೋ ಏನೋ. ಬರೀ ಕಾಯುತ್ತಿದ್ದರು.

"ಹೌದು," ಅಂದೆ.

ನೀರಿನಿಂದ ಮೇಲೆ ಬಂದಾಗ ಅಪ್ಪನೇ ಟವಲ್ ಹೊದಿಸಿ ತಲೆ ಒರೆಸಿದರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಮುದ್ದೆಯ ಮೇಲೆ ಊದಲಿಲ್ಲ. ಆಮೇಲೂ ಎಂದೂ ಊದಿದ್ದನ್ನು ನಾನು ಕಾಣೆ.

ಗುಂಡ್ಲುಪೇಟೆಗೆ ಹೋದೆವು. ಚೆಂಡುಹೂವಿನ ಹೊಲಗಳು, ಕೇರಳದ ಲಾರಿಗಳು, ಸಂತೆಯಲ್ಲಿ ಅರ್ಧ ಮಲಯಾಳ. ಹೆಂಗಸರು ತಮ್ಮ ಗಂಡಂದಿರನ್ನು ಎಳೆದು ತಂದು ಅಪ್ಪನ ಮುಂದೆ ಕೂರಿಸುವರು. "ನೀವು ಎಂಗೆ ಬುಟ್ರಿ ಅಂತ ಇವ್ನಿಗೂ ಒಸಿ ಯೋಳಿ ಅಯ್ಯನೋರೆ." ಅಪ್ಪ, "ನನ್ನದು ಬುಡವ್ವ, ಇವನದು ಕೇಳನ," ಅನ್ನುವರು. ಹಾಗೆ ಕೇಳಿ ಕೇಳಿಯೇ ಕೆಲವರನ್ನು ಬಿಡಿಸಿದರು ಕೂಡ.

ಎರಡು ಮೂರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ತಲೆಸುತ್ತಿ ಬಿದ್ದರು. ಎರಡು ದಿನದ ಜ್ವರವಿತ್ತು. ನಾನು ಜೊತೆಗಿದ್ದೆ. ಹೂವಿನ ಮಂಡಿಯಿಂದ ದಾನಪ್ಪನವರು ಓಡಿಬಂದು ಅಪ್ಪನನ್ನು ಎತ್ತಿ ಕೂರಿಸಿದರು. ಎತ್ತುವಾಗ ಮೂಗನ್ನು ಅಪ್ಪನ ಬಾಯಿಯ ಹತ್ತಿರ ತಂದು ಒಂದು ಗಳಿಗೆ ಮೂಸಿದರು. ಕೆಟ್ಟವರಲ್ಲ ಪಾಪ, ಕಳವಳಕ್ಕೆ ಮಾಡಿದ್ದು.

"ಜ್ವರ ಕಣಪ್ಪ," ಅಂದರು ಅಪ್ಪ ಮೆಲ್ಲಗೆ. ಆಮೇಲೆ ನನ್ನ ಕಡೆ ನೋಡಿದರು. ನಾನು ಬಸ್ಸಿನ ಬೋರ್ಡು ಓದುತ್ತಾ ನಿಂತೆ. ಊಟಿ, ಊಟಿ, ಊಟಿ.

ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ಗುಂಡ್ಲುಪೇಟೆಯಲ್ಲಿ ಸ್ಮರಣೆಯ ಕೂಟದ ದಿನ ಮುದುಕರಾಗಿದ್ದ ದಾನಪ್ಪನವರು ಎದ್ದು, ಈ ಮನುಷ್ಯನನ್ನು ಕುಡಿತದಿಂದ ಎತ್ತಿ ನಮಗೆ ಕೊಟ್ಟ ದೇವರಿಗೆ ಸ್ತೋತ್ರ ಅಂದರು. ಆಮೇಲೆ ಮೈಕನ್ನು ನನ್ನ ಕೈಗೆ ಕೊಟ್ಟರು. ಮುಂದಿನ ಸಾಲಿನಲ್ಲಿ ಅವ್ವ ತಲೆ ಎತ್ತಿ ನನ್ನನ್ನೇ ನೋಡಿದಳು. ನಾನು ಬಂದವರಿಗೆಲ್ಲ ವಂದನೆ ಹೇಳಿ ಕೂತೆ. ಮನೆಗೆ ಬರುವ ದಾರಿಯಲ್ಲಿ ಅವ್ವ ಒಂದೇ ಮಾತು ಅಂದಳು: "ಕೊನೇಗಂಟ ಕಾದ್ರು ಕಣಮ್ಮಿ."

ಸೆಮಿನರಿ ಮುಚ್ಚಿ ಎಷ್ಟೋ ಕಾಲವಾಗಿದೆ. ಹುಣಸೆಮರ, ಕಂಬಿಯ ಗಂಟೆ, ನುಗ್ಗೆಮರ ಯಾವುದೂ ಇಲ್ಲ. ಅವು ಹೋದದ್ದಕ್ಕೆ ನನಗೆ ಅಷ್ಟು ಸಂಕಟವಿಲ್ಲ. ಆ ಭಾನುವಾರದ ನಂತರ ಅಪ್ಪ ನನಗೆ ಅವರ ಬಾಲ್ಯದ ಒಂದು ಕತೆಯನ್ನೂ ಹೇಳಲಿಲ್ಲ. ಯಾವ ಆಟ ಆಡುತ್ತಿದ್ದರು, ಯಾವ ಕೆರೆಯಲ್ಲಿ ಈಜು ಕಲಿತರು, ಅವರ ಅವ್ವ ಅವರನ್ನು ಏನೆಂದು ಕರೆಯುತ್ತಿದ್ದಳು, ಒಂದೂ ನನಗೆ ಗೊತ್ತಿಲ್ಲ.

ಮೊನ್ನೆ ನನ್ನ ಮಗ ಊಟಕ್ಕೆ ಕೂತವನು, "ತಾತ ಚಿಕ್ಕವರಿದ್ದಾಗಿನ ಕತೆ ಹೇಳಮ್ಮ," ಅಂದ. ನನ್ನ ಹತ್ತಿರ ಇದ್ದುದು ಅದೊಂದೇ. "ತಾತನ ಮನೆಯಲ್ಲಿ ಒಂದು ದಿನ ಮುದ್ದೆ ಬೂದಿಗೆ ಬಿತ್ತಂತೆ," ಎಂದು ಶುರುಮಾಡಿದೆ.

"ಅದು ಗೊತ್ತು," ಅಂದ. "ದಾನಪ್ಪತಾತ ಹೇಳಿದ್ರು. ತಾತ ಕುಡಿದು ಬಂದು ಒದ್ದಿದ್ದು ತಾನೇ?"

"ಅಲ್ಲಪ್ಪ," ಅಂದೆ. ಆ ಕತೆಯಲ್ಲಿ ತಾತ ಒಲೆಯ ಮುಂದೆ ಹಸಿದು ಕೂತಿದ್ದ ಹುಡುಗ. ಅವರನ್ನು ಅಲ್ಲಿಂದ ಎಬ್ಬಿಸಿ, ಒದೆಯುವವನ ಜಾಗದಲ್ಲಿ ನಿಲ್ಲಿಸಿದವಳು ನಾನು.