ಡ್ರೋನಿಗೆ ಕೊಟ್ಟ ಗಂಟಲು

ಗಿಳಿಗಳನ್ನು ಬೈದು ಬೈದೇ ನನ್ನ ಗಂಟಲು ಹೋಯಿತು. ಸುಳ್ಳಲ್ಲ, ಶಿಕಾರಿಪುರದ ಡಾಕ್ಟರು ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿ ಹೇಳಿದರು: "ಗಂಟು ಕಟ್ಟಿದೆಯಮ್ಮ. ಇನ್ನೂ ಕೂಗಿದರೆ ದನಿ ಪೂರ್ತಿ ಹೋಗುತ್ತೆ." ನನಗೆ ನಗು ಬಂತು. ಮೆಕ್ಕೆಜೋಳದ ತೆನೆ ಹಾಲುಗಾಳು ಕಟ್ಟುವ ಹೊತ್ತಿನಲ್ಲಿ ಹೊಲದವಳಿಗೆ ಕೂಗಬೇಡ ಅನ್ನುವುದೂ ಒಂದೇ, ಉಣ್ಣಬೇಡ ಅನ್ನುವುದೂ ಒಂದೇ.

ಮದುವೆಯಾಗಿ ಬಂದಾಗಿನಿಂದ ಅಟ್ಟಣೆ ಹತ್ತಿ ಕೂಗಿದವಳು ನಾನು. ಬೆಳಕು ಹರಿಯುವುದರೊಳಗೆ ಹೋಗಬೇಕು. ಗಿಳಿಗಳು ನಮಗಿಂತ ಬೇಗ ಏಳುತ್ತವೆ, ದರಿದ್ರವು. ತಿಂದರೆ ತಿನ್ನಲಿ, ಒಂದು ತೆನೆಯನ್ನಾದರೂ ಪೂರ್ತಿ ತಿನ್ನುತ್ತವಾ? ನಾಕು ಕಾಳು ಕುಕ್ಕಿ ಪಕ್ಕದ್ದಕ್ಕೆ ಹಾರುತ್ತವೆ. ನಮ್ಮ ಯಜಮಾನರಿಗೆ ಕಿವಿ ಸ್ವಲ್ಪ ಮಂದ. ಅದಕ್ಕೇ ಆ ಕೆಲಸ ನನ್ನ ಪಾಲಿಗೆ ಬಿತ್ತು. "ಹೋಯ್! ಬಂದ್ರಾ?" ಅಂತ ಒಂದು ಸಲ ಒದರಿದರೆ ಇಡೀ ಗುಂಪು ಏಳುತ್ತಿತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿ ಯಜಮಾನರನ್ನು ಕರೆಯುವುದೂ ಅದೇ ಮಾತಲ್ಲೇ. ಅವರು ಹೊಲದ ಆ ತುದಿಯಿಂದ "ಬಂದೆ, ಬಂದೆ" ಅನ್ನುತ್ತಿದ್ದರು. ಗಿಳಿಗೂ ಗಂಡನಿಗೂ ಒಂದೇ ಮರ್ಯಾದೆ.

ಈ ಸಲ ನಮ್ಮ ರೈತರ ಗುಂಪಿನವರು ಡ್ರೋನ್ ತರಿಸಿದರು. ಹಾರಿಸುವವಳು ಸೊರಬದ ಕಡೆಯ ಹೆಂಗಸು, ತರಬೇತಿ ಆದವಳು. ಹಕ್ಕಿ ಗುಂಪು ಕಂಡರೆ ಡ್ರೋನ್ ತಾನೇ ಅಲ್ಲಿಗೆ ಹಾರಿ ಗಿಡುಗನ ಕೂಗು ಹಾಕುತ್ತಿತ್ತು. ಎರಡು ದಿನ ಗಿಳಿಗಳು ಬೆಚ್ಚಿದವು. ಮೂರನೇ ದಿನ ಅದು ಮೇಲೆ, ಅವು ಕೆಳಗೆ, ಆರಾಮಾಗಿ ಊಟ.

"ಅಕ್ಕಾ, ಇವು ನಿಮ್ಮ ದನಿಗೇ ಹೆದರೋದಂತೆ. ಒಂದ್ಸಲ ಕೂಗಿ, ರೆಕಾರ್ಡ್ ಮಾಡ್ಕೋತೀನಿ," ಅಂದಳು ಡ್ರೋನಿನವಳು.

ಡಾಕ್ಟರ ಮಾತು ನೆನಪಿತ್ತು. ಒಂದೇ ಸಲ ತಾನೇ, ಆಮೇಲೆ ಜನ್ಮಕ್ಕೆ ರಜೆ ಅಂದುಕೊಂಡೆ. ಇಷ್ಟು ವರ್ಷದ ಸಿಟ್ಟೆಲ್ಲ ಸೇರಿಸಿ ಕೂಗಿದೆ. ಗಾಳಿ ಸದ್ದು ಸೇರಿಕೊಂಡಿತು, ಇನ್ನೊಂದು ಸಲ ಅಂದಳು. ಹೀಗೇ ನಾಕು ಸಲ. ಸಂಜೆಗೆ ದನಿ ಪಿಸುಪಿಸು ಆಯಿತು. ವಾರ ಕಳೆದರೂ ಮರಳಲಿಲ್ಲ.

ಗಿಳಿಗಳೋ, ಎದ್ದೆನೋ ಬಿದ್ದೆನೋ ಅಂತ ಓಡಿದವು. ಬೆಳಿಗ್ಗೆ ಸಂಜೆ ಆಕಾಶದಲ್ಲಿ ನಾನೇ ಒದರುತ್ತಿದ್ದೆ, ಕೆಳಗೆ ಅಟ್ಟಣೆ ಮೇಲೆ ನಾನೇ ಸುಮ್ಮನೆ ಕೂತಿರುತ್ತಿದ್ದೆ. ಖುಷಿಯಾಗಬೇಕಿತ್ತು. ಕೂಗದೇ ಇದ್ದರೂ ಇಷ್ಟು ಸುಸ್ತಾಗುತ್ತೆ ಅಂತ ನನಗೆ ಗೊತ್ತಿರಲಿಲ್ಲ.

ಮೊನ್ನೆ ಮಧ್ಯಾಹ್ನ ಬುತ್ತಿ ತಗೊಂಡು ಹೋದೆ. ಯಜಮಾನರು ಬದುವಿನ ಮೇಲೆ ನನಗೆ ಬೆನ್ನು ಮಾಡಿ ಹುಲ್ಲು ಕೊಯ್ಯುತ್ತಿದ್ದರು. ಹತ್ತು ಮಾರು ದೂರದಿಂದ, ಇದ್ದಬದ್ದ ದನಿ ಕೂಡಿಸಿ ಕರೆದೆ. ಕೇಳಲಿಲ್ಲ. ಇನ್ನೊಮ್ಮೆ ಕರೆದೆ. ಕೆಮ್ಮು ಬಂತು, ಕಣ್ಣಲ್ಲಿ ನೀರೂ ಬಂತು. ಅವತ್ತು ಹೊತ್ತಲ್ಲದ ಹೊತ್ತಿನಲ್ಲಿ ಗಿಳಿಗಳು ಇಳಿದಿದ್ದವೇನೋ, ಹೊಲದ ಆ ತುದಿಯಲ್ಲಿ ಡ್ರೋನ್ ಎದ್ದಿತು.

"ಹೋಯ್! ಬಂದ್ರಾ?"

"ಬಂದೆ, ಬಂದೆ," ಅಂತ ಯಜಮಾನರು ಕುಡುಗೋಲು ಕೆಳಗಿಟ್ಟು, ಕೈ ಒರೆಸಿಕೊಳ್ಳುತ್ತಾ ಅತ್ತ ನಡೆದರು.

ನನ್ನ ಹೊಟ್ಟೆ ಉರಿದುಹೋಯಿತು. ಒಂದು ಮಣ್ಣಿನ ಹೆಂಟೆ ತಗೊಂಡು ಬೀಸಿದೆ. ಸರಿಯಾಗಿ ಬೆನ್ನಿಗೇ ಬಿತ್ತು.

ತಿರುಗಿ ನೋಡಿ, "ಏನೇ ಇದು? ಕರೆಯೋಕೆ ಬಾಯಿಲ್ವಾ ನಿಂಗೆ?" ಅಂದರು.

ನಾನು ಮೇಲಕ್ಕೆ ಕೈ ತೋರಿಸಿದೆ.