ಹೊಸ್ತಿಲು ದಾಟಿದ ಕಂಡಕ್ಟರ್ ರೇಣವ್ವ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷದ ಮಾತು. ನಾನಾಗ ಕೊಪ್ಪಳದಲ್ಲಿ ಮನೋರೋಗ ತಜ್ಞೆ. ಪ್ರತಿ ಗುರುವಾರ ಕುಕನೂರಿಗೆ ಹೋಗಿ ಅಲ್ಲಿಯೂ ರೋಗಿಗಳನ್ನು ನೋಡುತ್ತಿದ್ದೆ. ಒಂದು ಗುರುವಾರ ಹಿಟ್ಟಿನ ಗಿರಣಿ ನಡೆಸುವ ಬಸಪ್ಪ ಎಂಬವರು, ತೋಳಿಗೆಲ್ಲ ಜೋಳದ ಹಿಟ್ಟು ಮೆತ್ತಿಕೊಂಡೇ ಬಂದು ಎದುರು ಕುಳಿತರು. ಅವರ ಕೈಯಲ್ಲಿದ್ದ ಚೀಟಿಯಲ್ಲಿ ಹೆಣ್ಣುಮಗಳ ಹೆಸರಿತ್ತು.

“ಪೇಶಂಟ್ ಎಲ್ಲಿ?” ಎಂದೆ.

“ಮನ್ಯಾಗ ಅದಾಳ್ರಿ ಮೇಡಂ. ನನ್ನ ಹೆಂಡ್ತಿ. ನಾಕ್ ತಿಂಗಳಾತು, ಹೊಸ್ತಲಾ ದಾಟವಲ್ಲಳು.”

ಕೆಲಸ ಮುಗಿಸಿ ಅವರ ಮನೆಗೇ ಹೋದೆ. ಸೊರಗಿದ ಮುಖವೊಂದನ್ನು ನಿರೀಕ್ಷಿಸಿದ್ದ ನನಗೆ ಕೇಳಿಸಿದ್ದು ಗಟ್ಟಿ ದನಿ: “ಬರ್ರಿ ಡಾಕ್ಟ್ರ! ಹೊರಗ ಬರಾಕ ಆಗೂದಿಲ್ಲ ಖರೆ, ಒಳಗ ಛಲೋ ಚಾ ಮಾಡ್ತೀನಿ.”

ರೇಣವ್ವ ಎಂದು ಕರೆಯೋಣ. ನಿಜವಾದ ಹೆಸರು ಬೇರೆ. ನಲವತ್ತೆರಡು ವಯಸ್ಸು, ಹದಿನೆಂಟು ವರ್ಷದಿಂದ ಬಸ್ ಕಂಡಕ್ಟರ್. ಒಂದು ಮಧ್ಯಾಹ್ನ ಕಿಕ್ಕಿರಿದ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದಾಗ ಇದ್ದಕ್ಕಿದ್ದಂತೆ ಎದೆ ಡವಡವ ಬಡಿಯತೊಡಗಿತ್ತು. ಕೈ ಜೋಮು ಹಿಡಿದು, ಉಸಿರು ಸಿಕ್ಕಿಕೊಂಡು, ಇನ್ನು ಸತ್ತೇ ಹೋದೆ ಎನಿಸಿತ್ತು. ಬಸ್ ನಿಲ್ಲಿಸಿ ಇಳಿದುಬಿಟ್ಟರು. ಇಸಿಜಿ, ರಕ್ತ, ಥೈರಾಯ್ಡ್ ಎಲ್ಲವೂ ಸರಿಯಿದ್ದವು. ಆದರೆ ಅದೇ ಸಂಕಟ ಮತ್ತೊಮ್ಮೆ ಬಸ್ ಸ್ಟ್ಯಾಂಡಿನಲ್ಲಿ, ಇನ್ನೊಮ್ಮೆ ಸಂತೆಯಲ್ಲಿ ಬಂತು. ಮೊದಲು ಬಸ್ ಬಿಟ್ಟರು, ಆಮೇಲೆ ಸಂತೆ, ಕೊನೆಗೆ ಓಣಿಯನ್ನೂ ಬಿಟ್ಟರು.

“ಆ ಗದ್ದಲದಾಗ ಜೀವ ಹೋದ್ರ ನನ್ನ ಯಾರ್ ಇಳಸ್ತಾರ್ರಿ?” ಎಂದು ಕೇಳಿದರು.

ರೋಗದ ತಿರುಳೆಲ್ಲ ಆ ಪ್ರಶ್ನೆಯಲ್ಲೇ ಇತ್ತು. ಅಪಾಯವೇ ಇಲ್ಲದಾಗಲೂ ದೇಹ ಅಪಾಯದ ಗಂಟೆ ಬಾರಿಸುವುದು ಪ್ಯಾನಿಕ್ ಅಟ್ಯಾಕ್. ಅದು ಮತ್ತೆ ಬಂದೀತು, ಬಂದರೆ ಪಾರಾಗಲು ದಾರಿ ಸಿಗದು ಎಂದು ಬಸ್ಸು, ಗುಂಪು, ಬಯಲು, ಸರದಿ ಸಾಲುಗಳಿಗೆ ಹೆದರುವುದು ಅಗೋರಾಫೋಬಿಯಾ. ಎಲ್ಲರಿಗೂ ಪ್ಯಾನಿಕ್‌ನಿಂದಲೇ ಶುರುವಾಗುತ್ತದೆ ಎಂದಲ್ಲ, ರೇಣವ್ವನಿಗೆ ಹಾಗಾಗಿತ್ತು. ಪ್ರತಿ ಸಲ ಓಡಿಹೋದಾಗಲೂ ‘ಓಡಿದ್ದಕ್ಕೇ ಬದುಕಿದೆ’ ಎಂದು ಮನಸ್ಸು ಪಾಠ ಕಲಿಯುತ್ತದೆ.

ರೇಣವ್ವ ಹಾಕಿದ್ದ ರಜೆ ಮುಗಿಯಲು ಆರು ವಾರ ಬಾಕಿಯಿತ್ತು. ನೌಕರಿ ಬಿಡುವ ಅರ್ಜಿ ಬರೆದಿಟ್ಟಿದ್ದರು, ಸಹಿ ಮಾತ್ರ ಹಾಕಿರಲಿಲ್ಲ. “ಆರು ವಾರ ನನಗ ಕೊಡ್ರಿ” ಎಂದೆ.

ಮಾತ್ರೆ ಶುರು ಮಾಡಿದೆ. ಜೊತೆಗೆ ಎಕ್ಸ್‌ಪೋಶರ್, ಅಂದರೆ ಹೆದರಿಸುವ ಜಾಗಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ, ಭಯ ತಗ್ಗುವವರೆಗೂ ಅಲ್ಲೇ ನಿಲ್ಲುವುದು. ಮೊದಲ ವಾರ ಗಿರಣಿಯವರೆಗೆ, ಆಮೇಲೆ ಸಂತೆಯ ಅಂಚಿಗೆ, ಮೂರನೆಯ ವಾರ ಬಸ್ ಸ್ಟ್ಯಾಂಡಿಗೆ. ನಾನು ಖುಷಿಯಲ್ಲಿದ್ದೆ. ನಾಲ್ಕನೆಯ ಗುರುವಾರ ಬಸ್ ಸ್ಟ್ಯಾಂಡಿಗೆ ಹೋಗಿ ನೋಡುತ್ತೇನೆ, ರೇಣವ್ವ ಗಂಡನ ಅಂಗಿಯ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೇ ನಿಂತಿದ್ದಾರೆ! ಜೊತೆಗೆ ಹೋಗಿ ಎಂದು ಬಸಪ್ಪನವರಿಗೆ ಹೇಳಿದವಳು ನಾನೇ. ಆಕೆ ಕಲಿತದ್ದು ‘ಗಂಡ ಇದ್ದರೆ ಬದುಕುತ್ತೇನೆ’ ಎಂಬುದನ್ನು ಮಾತ್ರ.

ಐದನೆಯ ವಾರ ಬಸಪ್ಪನವರನ್ನು ಗಿರಣಿಗೆ ಕಳಿಸಿ, ನಾವಿಬ್ಬರೇ ಕೊಪ್ಪಳದ ಬಸ್ ಹತ್ತಿದೆವು. ನಾನು ಬೇಕೆಂದೇ ಅವರ ಹಿಂದಿನ ಸೀಟಿನಲ್ಲಿ ಕುಳಿತೆ. ಭಾನಾಪುರದಲ್ಲಿ ಜನ ನುಗ್ಗಿತು. ರೇಣವ್ವ ತಿರುಗಿದರು, ಮುಖದ ತುಂಬ ಬೆವರು.

“ಡಾಕ್ಟ್ರ, ಬಂತ್ರಿ! ನಾ ಇಳೀತೀನಿ.”

“ನಿಮ್ಮನ್ನ ಹಿಡಕೊಳ್ಳೂದಿಲ್ಲ ರೇಣವ್ವ. ಆದ್ರ ಅದು ಏರಿದಂಗ ತಾನಾ ಇಳೀತೈತಿ. ಅದು ಇಳಿಯೂ ತನಕ ನೀವು ಕೂಡ್ರಿ.”

ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಅವಚಿ ಹಿಡಿದರು. ಒಂದು ನಿಮಿಷ, ಎರಡು ನಿಮಿಷ. ಬಾಗಿಲಲ್ಲಿ ನಾಲ್ಕೈದು ಜನ ಜೋತುಬಿದ್ದಿದ್ದರು, ಬಸ್ಸಿನ ಕಂಡಕ್ಟರ್ ಹಿಂದೆಲ್ಲೋ ಸಿಕ್ಕಿಬಿದ್ದಿದ್ದ. ಅದು ರೇಣವ್ವನ ಕಣ್ಣಿಗೆ ಬಿತ್ತು. ನಡುಗುವ ದನಿಯಲ್ಲೇ ಕೂಗಿದರು:

“ಏ, ಬಾಗಲ್ದಾಗ ಯಾಕ ಜೋತಾಡ್ತೀರಿ? ಒಳಗ ಸರೀರಿ, ಬೇಕಾದಷ್ಟು ಜಾಗ ಐತಿ!”

ಪಕ್ಕದ ಅಜ್ಜಿ ಬೆಚ್ಚಿದಳು. “ಯವ್ವಾ, ಎಲ್ಲೈತಿ ಜಾಗ?”

“ಮಾಡಿದ್ರ ಆಗತೈತಿ, ನೀ ಒಂಚೂರು ಸರಿಬೇ!”

ಬಸ್ಸಿಗೆ ಬಸ್ಸೇ ನಕ್ಕಿತು. ಗುಂಪಿಗೆ ಹೆದರುವವಳು ಗುಂಪನ್ನು ಒಳಗೆ ಕರೆದಿದ್ದಳು! ಅದು ಹೊಳೆದು ರೇಣವ್ವನೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಕಂಬಿಯ ಮೇಲಿನ ಹಿಡಿತ ಮಾತ್ರ ಇನ್ನೂ ಸಡಿಲಾಗಿರಲಿಲ್ಲ. ಕೊಪ್ಪಳ ಮುಟ್ಟುವ ಹೊತ್ತಿಗೆ ಅದೂ ಸಡಿಲಾಯಿತು. ಇಬ್ಬರೂ ಮಿರ್ಚಿ ಮಂಡಕ್ಕಿ ತಿಂದೆವು. ವಾಪಸ್ ಬಸ್ಸಿಗೆ ನಾನೂ ಎದ್ದರೆ, “ನೀವು ಮನೀಗೆ ನಡೀರಿ, ನಾ ಒಬ್ಬಾಕಿನೇ ಹೋಗ್ತೀನಿ” ಎಂದು ಹೊರಟೇಬಿಟ್ಟರು. ಕುಕನೂರಿನಿಂದ ಫೋನ್ ಮಾಡಿದವರು ಬಸಪ್ಪ. “ಮೇಡಂ, ಬಂದ್ಲರಿ! ಗಿರಣ್ಯಾಗ ಎಲ್ಲಾರಿಗೂ ಪೇಡೆ ಹಂಚಾಕತ್ತಾಳ.”

ರಜೆ ಮುಗಿದ ದಿನ ರೇಣವ್ವ ಡ್ಯೂಟಿಗೆ ಹಾಜರಾದರು. ಆಮೇಲೂ ಎರಡು ಸಲ ಅಟ್ಯಾಕ್ ಬಂತು. ಎರಡು ಸಲವೂ ಟಿಕೆಟ್ ಕೊಡುತ್ತಲೇ ಇದ್ದರಂತೆ.

ಕಳೆದ ವರ್ಷ ರೇಣವ್ವ ನನ್ನ ಕ್ಲಿನಿಕ್ಕಿನ ಬಾಗಿಲಿಗೆ ಬಂದರು, ಯೂನಿಫಾರ್ಮಿನಲ್ಲೇ. ಪಕ್ಕದಲ್ಲಿ ಬೆಪ್ಪಾಗಿ ನಿಂತ ಶಾಲಾ ಶಿಕ್ಷಕಿಯೊಬ್ಬರು. “ಡಾಕ್ಟ್ರ, ಇವರು ನಮ್ಮ ಬಸ್ಸಿನ್ಯಾಗ ದಿನಾ ಅರ್ಧಾ ದಾರೀಗೆ ಇಳೀತಾರ್ರಿ. ಮೊದ್ಲ ಇಸಿಜಿ ತಗಸ್ರಿ. ಗಂಡನ್ನ ಮಾತ್ರ ಜೋಡಿ ಕಳಸಬ್ಯಾಡ್ರಿ ಮತ್ತ!”

ಭಯ ಪೂರ್ತಿ ಹೋದ ಮೇಲೆ ಬದುಕು ಶುರು ಮಾಡಿ ಎಂದು ಈಗ ನಾನು ಯಾರಿಗೂ ಹೇಳುವುದಿಲ್ಲ. ಅದೂ ಒಂದು ಸೀಟಿನಲ್ಲಿ ಕುಳಿತಿರಲಿ, ನೀವು ನಿಮ್ಮ ಊರಿಗೆ ಹೊರಡಿ ಎನ್ನುತ್ತೇನೆ. ಈ ಮಾತು ಕಲಿಸಿದವರು ಯಾವ ಕಾಲೇಜಿನ ಪ್ರೊಫೆಸರೂ ಅಲ್ಲ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯಿದೆ.